ರೇಡಿಯೇಟರ್ ಹೋಸ್: ಕಂಪನಿಯದೋ, ಹೊರಗಿನದೋ? ಕೊಡಗಿನ ಕಾರು ಮಾಲೀಕರಿಗೊಂದು ಮಾರ್ಗದರ್ಶಿ

ಸಂಪಾಜೆಯಿಂದ ಮಡಿಕೇರಿಗೆ ಘಾಟಿ ಹತ್ತುವ ಕಾರು ಬಹುಪಾಲು ಎರಡನೇ ಅಥವಾ ಮೂರನೇ ಗೇರಿನಲ್ಲೇ ಇರುತ್ತದೆ. ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ವೇಗ ಕಡಿಮೆಯಾದ್ದರಿಂದ ರೇಡಿಯೇಟರಿಗೆ ಎದುರಿನಿಂದ ಬಡಿಯುವ ಗಾಳಿಯೂ ಕಡಿಮೆ, ಸಾಲದ್ದಕ್ಕೆ ಏಸಿಯೂ ಓಡುತ್ತಿರುತ್ತದೆ. ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಮಾಕುಟ್ಟದ ಕಡೆಗೆ ಇಳಿದು ಮರಳಿ ಹತ್ತುವವರ ಪಾಡೂ, ಭಾಗಮಂಡಲ–ಕರಿಕೆ ದಾರಿಯವರ ಪಾಡೂ ಇದೇ. ಬಯಲುಸೀಮೆಯ ಹೆದ್ದಾರಿಯಲ್ಲಿ ಇನ್ನೂ ಒಂದೆರಡು ವರ್ಷ ತಾಳಬಹುದಾಗಿದ್ದ ಹಳೆಯ ಹೋಸ್ ಇಲ್ಲಿನ ಏರಿನಲ್ಲಿ ಬೇಗನೆ ಕೈಕೊಡುತ್ತದೆ. ಹಾಗೆ ಕೈಕೊಟ್ಟಾಗ, ಅಥವಾ ಅದಕ್ಕೂ ಮುಂಚೆ ಸರ್ವೀಸಿನ ವೇಳೆ ಮೆಕ್ಯಾನಿಕ್ ಎಚ್ಚರಿಸಿದಾಗ ಏಳುವ ಪ್ರಶ್ನೆ ಒಂದೇ: ಕಾರಿನ ಕಂಪನಿಯ ಡಬ್ಬಿಯಲ್ಲಿ ಬರುವ ಹೋಸನ್ನೇ ಹಾಕಿಸಬೇಕೆ, ಅಥವಾ ಪೇಟೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಗುವ ಬೇರೆ ತಯಾರಿಕೆಯದು ಸಾಕೆ?

ಎಲ್ಲ ಕಾರಿಗೂ, ಎಲ್ಲ ಹೋಸಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಒಂದೇ ಕಾರಿನಲ್ಲಿ ಕೆಳಗಿನ ಹೋಸನ್ನು ಕಂಪನಿಯದೇ ಹಾಕಿಸಿ, ಮೇಲಿನದನ್ನು ಹೊರಗಿನದು ಹಾಕಿಸುವುದು ಎಷ್ಟೋ ಸಲ ಸರಿಯಾದ ತೀರ್ಮಾನವಾಗಿರುತ್ತದೆ. ಅದು ಹೇಗೆಂಬುದನ್ನು ಕ್ರಮವಾಗಿ ನೋಡೋಣ.

ಮೊದಲು: ಈ ಹೋಸ್ ಏನನ್ನು ತಡೆದುಕೊಳ್ಳುತ್ತದೆ

ಎಂಜಿನ್ ಬಿಸಿಯಾಗುವವರೆಗೆ ರೇಡಿಯೇಟರಿನ ದಾರಿಯನ್ನು ಮುಚ್ಚಿಡುವ ವಾಲ್ವು, ಅಂದರೆ ಥರ್ಮೋಸ್ಟಾಟ್, ಸಾಮಾನ್ಯವಾಗಿ 82ರಿಂದ 88 ಡಿಗ್ರಿ ಸೆಲ್ಸಿಯಸ್ ನಡುವೆ ತೆರೆದುಕೊಳ್ಳುತ್ತದೆ. ಅಲ್ಲಿಂದ ಬಿಸಿ ಕೂಲಂಟ್ (ಎಂಜಿನ್ನನ್ನು ತಂಪಾಗಿಡುವ ದ್ರವ) ಮೇಲಿನ ಹೋಸಿನ ಮೂಲಕ ರೇಡಿಯೇಟರಿಗೆ ಬಂದು, ತಣಿದು, ಕೆಳಗಿನ ಹೋಸಿನ ಮೂಲಕ ವಾಟರ್ ಪಂಪಿಗೆ ಮರಳುತ್ತದೆ. (ಕೆಲವು ಕಾರುಗಳಲ್ಲಿ ಥರ್ಮೋಸ್ಟಾಟ್ ಕೆಳಗಿನ ದಾರಿಯಲ್ಲೇ ಇರುತ್ತದೆ, ಆದರೂ ಹೋಸುಗಳ ಕೆಲಸ ಬದಲಾಗುವುದಿಲ್ಲ.) ಇಡೀ ವ್ಯವಸ್ಥೆಯನ್ನು ರೇಡಿಯೇಟರಿನ ಕ್ಯಾಪ್ ಒತ್ತಡದಲ್ಲಿ ಹಿಡಿದಿಡುತ್ತದೆ, ಸಾಮಾನ್ಯ ಕಾರುಗಳಲ್ಲಿ ಆ ಒತ್ತಡ 0.9ರಿಂದ 1.1 ಬಾರ್.

ಎತ್ತರದ ಊರಿನಲ್ಲಿ ಈ ಒತ್ತಡದ ಮಹತ್ವ ಇನ್ನಷ್ಟು ಹೆಚ್ಚು. ಸಮುದ್ರಮಟ್ಟದಲ್ಲಿ 100 ಡಿಗ್ರಿಗೆ ಕುದಿಯುವ ನೀರು, ಸುಮಾರು 1,150 ಮೀಟರ್ ಎತ್ತರದಲ್ಲಿರುವ ಮಡಿಕೇರಿಯಲ್ಲಿ 96ರ ಆಸುಪಾಸಿನಲ್ಲೇ ಕುದಿಯುತ್ತದೆ. 0.9 ಬಾರಿನ ಕ್ಯಾಪ್ ಹಾಕಿದರೆ ಆ ಬಿಂದು ಸುಮಾರು 116ಕ್ಕೆ ಏರುತ್ತದೆ. ಕೂಲಂಟ್ ಬೆರೆಸಿದ್ದರೆ ಇನ್ನೂ ಮೇಲಕ್ಕೆ. ಹೋಸ್ ಸೀಳಿದ ಕ್ಷಣದಲ್ಲಿ ಈ ರಕ್ಷಣೆಯೆಲ್ಲ ಒಮ್ಮೆಗೇ ಹೋಗುತ್ತದೆ. ಅಲ್ಲಿಯವರೆಗೆ 105–110 ಡಿಗ್ರಿಯಲ್ಲೂ ಕುದಿಯದೆ ಹರಿಯುತ್ತಿದ್ದ ದ್ರವ ಕೂಡಲೇ ಕುದಿದು ಹಬೆಯಾಗಿ ಹೊರಬೀಳುತ್ತದೆ, ಎಂಜಿನ್ನಿನಲ್ಲಿ ನೀರಿಲ್ಲದಂತಾಗುತ್ತದೆ. ಸೆನ್ಸರಿನ ಸುತ್ತ ದ್ರವವೇ ಇಲ್ಲದಿದ್ದಾಗ ಡ್ಯಾಶ್‌ಬೋರ್ಡಿನ ಮುಳ್ಳು ಬಿಸಿಯನ್ನು ಸರಿಯಾಗಿ ತೋರಿಸದೇ ಇರಬಹುದು. ಮುಳ್ಳು ಮೇಲೇರಿಲ್ಲವೆಂದು ನಂಬಿ ಇನ್ನೊಂದು ತಿರುವು ಹತ್ತಿಸಿದವರಿಗೆ ಹೆಡ್ ಗ್ಯಾಸ್ಕೆಟ್ಟಿನ (ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಸೀಲಿನ) ಖರ್ಚು ಕಾದಿರುತ್ತದೆ. ಸಣ್ಣ ಕಾರುಗಳಲ್ಲಿ ಎರಡು ಬಗೆಯ ಹೋಸುಗಳ ಬೆಲೆಯ ಅಂತರ ಹೆಚ್ಚೆಂದರೆ ಕೆಲವು ನೂರು ರೂಪಾಯಿ. ಅದನ್ನು ತೂಗಿ ನೋಡುವಾಗ ಇನ್ನೊಂದು ತಟ್ಟೆಯಲ್ಲಿ ಹೆಡ್ ಬಿಚ್ಚುವ ಕೆಲಸವಿದೆ ಎಂಬುದನ್ನು ಮರೆಯಬಾರದು.

ಎರಡನೆಯದು: ಬದಲಿಸುವ ಅಗತ್ಯವಿದೆಯೇ ಎಂದು ಪರೀಕ್ಷಿಸಿ

ಬೆಳಿಗ್ಗೆ, ಎಂಜಿನ್ ಪೂರ್ತಿ ತಣ್ಣಗಿರುವಾಗ ಬಾನೆಟ್ ತೆಗೆದು ಹೋಸನ್ನು ಬೆರಳುಗಳ ನಡುವೆ ಒತ್ತಿ ನೋಡಬೇಕು. ನಡುಭಾಗವನ್ನಷ್ಟೇ ಒತ್ತಿ ಬಿಟ್ಟುಬಿಡುವುದು ಬಹುಜನರ ಅಭ್ಯಾಸ. ಒತ್ತಬೇಕಾದದ್ದು ತುದಿಗಳನ್ನು, ಕ್ಲಿಪ್ಪಿನಿಂದ ಒಂದೆರಡು ಇಂಚು ಈಚೆಗೆ. ಇದಕ್ಕೆ ಕಾರಣವಿದೆ. ರಬ್ಬರ್, ಕೂಲಂಟ್ ಮತ್ತು ಲೋಹ ಮೂರೂ ಸೇರುವ ಕಡೆ ಬ್ಯಾಟರಿಯಲ್ಲಿ ನಡೆಯುವಂಥ ಸಣ್ಣ ವಿದ್ಯುತ್‌ರಾಸಾಯನಿಕ ಕ್ರಿಯೆ ನಡೆದು, ಹೋಸಿನ ಒಳಗೋಡೆಯಲ್ಲಿ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ಉದ್ದಕ್ಕೆ ಮೂಡುತ್ತವೆ. ಹೊರಗಿನಿಂದ ಹೋಸ್ ಕಪ್ಪಗೆ, ಹೊಳೆಯುತ್ತಾ ಇರುತ್ತದೆ. ಬಿಚ್ಚಿ ಉದ್ದಕ್ಕೆ ಸೀಳಿ ನೋಡಿದರೆ ಮಾತ್ರ ತಿಳಿಯುತ್ತದೆ: ಕೊಳವೆಯ ಮೂತಿ ಕುಳಿತಿದ್ದ ಜಾಗದ ಪಕ್ಕದಲ್ಲೇ ಉದ್ದುದ್ದ ಗೀರುಗಳು, ಬಗ್ಗಿಸಿದರೆ ಅವು ಬಾಯಿ ತೆರೆಯುತ್ತವೆ, ಒಳಗಿನ ಬಲವರ್ಧನೆಯ ನೂಲು ಕೂಲಂಟ್ ಕುಡಿದು ಬಣ್ಣಗೆಟ್ಟಿರುತ್ತದೆ. ಹೊರಗಿನಿಂದ ಒತ್ತುವಾಗ ತುದಿ ನಡುಭಾಗಕ್ಕಿಂತ ಮೆದುವೆನಿಸಿದರೆ, ಅಥವಾ ಒಳಗೆ ತೋಡು ಬಿದ್ದಂತೆ ಬೆರಳಿಗೆ ತಾಗಿದರೆ ಆ ಹೋಸಿನ ಆಯುಸ್ಸು ಮುಗಿದಿದೆ.

ಉಬ್ಬು, ಗಟ್ಟಿಯಾಗಿ ಚಟಚಟ ಎನ್ನುವ ರಬ್ಬರ್, ಕ್ಲಿಪ್ಪಿನ ಬಳಿ ಬಿಳಿ ಅಥವಾ ಹಸಿರು ಪುಡಿಯಂಥ ಕಲೆ ಇವೆಲ್ಲ ಕಣ್ಣಿಗೇ ಕಾಣುತ್ತವೆ. ಕೊಡಗಿನಲ್ಲಿ ಇನ್ನೆರಡನ್ನು ವಿಶೇಷವಾಗಿ ನೋಡಬೇಕು. ಮಳೆಗಾಲದಲ್ಲಿ ದಿನಗಟ್ಟಲೆ ಶೆಡ್ಡಿನಲ್ಲೋ ಕಾಫಿ ಗೋಡೌನಿನ ಪಕ್ಕದಲ್ಲೋ ನಿಲ್ಲುವ ಕಾರಿನ ಎಂಜಿನ್ ಕೋಣೆಗೆ ಇಲಿ, ಹೆಗ್ಗಣ ಸೇರಿಕೊಂಡು ವೈರಿನ ಜೊತೆಗೆ ಹೋಸನ್ನೂ ಕಡಿಯುತ್ತವೆ. ಹೋಸಿನ ಅಡಿಭಾಗಕ್ಕೆ ಕೈ ಆಡಿಸಿ ನೋಡದೆ ಹಲ್ಲಿನ ಗುರುತು ತಿಳಿಯುವುದಿಲ್ಲ. ಇನ್ನೊಂದು, ತುಕ್ಕು ಹಿಡಿಯದಿರಲೆಂದು ವಾಹನದ ಅಡಿಗೆ ಡೀಸೆಲ್ ಅಥವಾ ಹಳೆಯ ಆಯಿಲ್ ಹೊಡೆಸುವ ರೂಢಿ. ಕೂಲಂಟ್ ಹೋಸಿಗೆ ಬಳಸುವ ಇಪಿಡಿಎಂ ರಬ್ಬರ್ ಬಿಸಿಯನ್ನೂ ಕೂಲಂಟನ್ನೂ ಚೆನ್ನಾಗಿ ತಡೆಯುತ್ತದೆ, ಆದರೆ ಪೆಟ್ರೋಲಿಯಂ ಎಣ್ಣೆ ತಗಲಿದರೆ ಊದಿಕೊಂಡು ಮೆತ್ತಗಾಗುತ್ತದೆ. ಹಳೆಯ ಎಸ್ಟೇಟ್ ಜೀಪುಗಳಲ್ಲಿ ಎಂಜಿನ್ನಿನಿಂದ ಒಸರುವ ಆಯಿಲ್ ಕೆಳಗಿನ ಹೋಸಿನ ಮೇಲೇ ತೊಟ್ಟಿಕ್ಕುತ್ತಿದ್ದರೆ ಯಾವ ಬ್ರ್ಯಾಂಡಿನ ಹೋಸ್ ಹಾಕಿಯೂ ಫಲವಿಲ್ಲ. ಮೊದಲು ಆ ಲೀಕ್ ನಿಲ್ಲಿಸಬೇಕು.

ಚಳಿಗಾಲದ ಬೆಳಿಗ್ಗೆ ಕಾರಿನಡಿ ಎರಡು ಹನಿ ಕೂಲಂಟ್ ಬಿದ್ದಿದ್ದು, ಎಂಜಿನ್ ಬಿಸಿಯಾದ ಮೇಲೆ ಸೋರಿಕೆ ನಿಂತುಬಿಟ್ಟರೆ ಹೋಸ್ ಕೆಟ್ಟಿದೆಯೆಂದೇ ಅರ್ಥವಲ್ಲ. ರಬ್ಬರ್ ತಣ್ಣಗಾದಾಗ ಕುಗ್ಗಿ, ಸ್ಕ್ರೂ ಕ್ಲಿಪ್ಪಿನ ಹಿಡಿತ ಸಡಿಲವಾಗಿರುತ್ತದೆ. ಕ್ಲಿಪ್ ಬದಲಿಸಿ ನೋಡಿ, ಆಮೇಲೆ ಹೋಸಿನ ಮಾತು.

ಮೂರನೆಯದು: ಅಂಗಡಿಯಲ್ಲಿ ಇರುವುದು ಎರಡು ಬಗೆಯಲ್ಲ, ನಾಲ್ಕು

ಕಾರು ಕಂಪನಿಗಳು ಹೋಸನ್ನು ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ. ರಬ್ಬರ್ ಸಾಮಾನು ಮಾಡುವ ಕಾರ್ಖಾನೆಗಳಿಗೆ ನಕ್ಷೆ ಕೊಟ್ಟು ಮಾಡಿಸಿಕೊಳ್ಳುತ್ತವೆ. ಆದ್ದರಿಂದ ಮೊದಲನೆಯ ಬಗೆ, ಕಾರು ಕಂಪನಿಯ ಹೆಸರಿನ ಡಬ್ಬಿ: ಮಾರುತಿ ಸುಜುಕಿ ಜೆನ್ಯೂನ್ ಪಾರ್ಟ್ಸ್, ಮಹೀಂದ್ರ ಸ್ಪೇರ್ಸ್, ಹ್ಯುಂಡೈ ಕಾರಿಗಾದರೆ ಮೊಬಿಸ್. ಎರಡನೆಯದು, ಕಾರು ಕಂಪನಿಗೆ ಪೂರೈಸುವ ತಯಾರಕರೇ ತಮ್ಮ ಹೆಸರಿನಲ್ಲಿ ಮಾರುವುದು. ಮೂರನೆಯದು, ಗೇಟ್ಸ್, ಕಾಂಟಿನೆಂಟಲ್, ಡೇಕೋದಂಥ ಹೆಸರಾಂತ ತಯಾರಕರು ಹಲವು ಕಾರುಗಳಿಗೆ ಹೊಂದುವಂತೆ ಮಾಡಿ ಮಾರುವುದು. ನಾಲ್ಕನೆಯದು, ಹೆಸರೂ ಇಲ್ಲದ, ಪಾರ್ಟ್ ನಂಬರೂ ಇಲ್ಲದ, ಬರಿಯ ಪ್ಲಾಸ್ಟಿಕ್ ಕವರಿನಲ್ಲಿ ಬರುವ ಲೋಕಲ್ ಮಾಲು.

ಜನ "ಹೊರಗಿನ ಹೋಸ್ ಹಾಕಿದೆ, ಆರೇ ತಿಂಗಳಿಗೆ ಹೋಯಿತು" ಎನ್ನುವಾಗ ಬಹುಮಟ್ಟಿಗೆ ಈ ನಾಲ್ಕನೆಯದನ್ನು ಕುರಿತೇ ಹೇಳುತ್ತಿರುತ್ತಾರೆ. ಮೂರನೆಯದನ್ನೂ ನಾಲ್ಕನೆಯದನ್ನೂ ಒಂದೇ ಹೆಸರಿನಲ್ಲಿ ಕರೆಯುವುದು ಅನ್ಯಾಯ. ಎರಡನೆಯ ಬಗೆ ಸಿಕ್ಕಿದರೆ ನನ್ನ ಮಟ್ಟಿಗೆ ಅದೇ ಉತ್ತಮ ಆಯ್ಕೆ: ಗುಣದಲ್ಲಿ ಕಂಪನಿ ಹೋಸಿಗೆ ಸಮೀಪ, ಬೆಲೆಯಲ್ಲಿ ಸಾಮಾನ್ಯವಾಗಿ ಕಡಿಮೆ. ಆದರೆ ಎಲ್ಲ ಕಾರಿಗೂ ಅದು ಬಿಡಿಯಾಗಿ ಸಿಗುವುದಿಲ್ಲ, "ಸೇಮ್ ಪೀಸ್ ಸಾರ್, ಡಬ್ಬಿ ಮಾತ್ರ ಬೇರೆ" ಎಂಬ ಅಂಗಡಿಯವರ ಮಾತೊಂದೇ ಅದಕ್ಕೆ ಪುರಾವೆಯೂ ಅಲ್ಲ. ಹಳೆಯ ಹೋಸಿನ ಮೇಲೆ ಕಾರು ಕಂಪನಿಯ ಗುರುತಿನ ಜೊತೆಗೆ ತಯಾರಕರ ಗುರುತೂ ಅಚ್ಚಾಗಿರುವುದುಂಟು. ಅಂಗಡಿಗೆ ಹೋಗುವ ಮುಂಚೆ ಅದನ್ನು ಒರೆಸಿ ಫೋಟೊ ತೆಗೆದಿಟ್ಟುಕೊಂಡರೆ ವಾದಕ್ಕೆ ಎಡೆಯಿಲ್ಲ.

ನಾಲ್ಕನೆಯದು: ಯಾವ ಹೋಸ್ ಎಂಬುದರ ಮೇಲೆ ತೀರ್ಮಾನಿಸಿ

ಕೆಳಗಿನ ಹೋಸಿನಲ್ಲಿ ರಾಜಿ ಬೇಡ. ಅದು ವಾಟರ್ ಪಂಪ್ ಹೀರಿಕೊಳ್ಳುವ ಕಡೆಯಲ್ಲಿದೆ. ಗೋಡೆ ತೆಳುವಾಗಿದ್ದರೆ, ಅಥವಾ ಹಳೆಯ ಮಾದರಿಗಳಲ್ಲಿ ಒಳಗಿರಬೇಕಾದ ಸುರುಳಿ ತಂತಿಯನ್ನು ತಯಾರಕರು ಹಾಕದೇ ಬಿಟ್ಟಿದ್ದರೆ, ಎಂಜಿನ್ ಜೋರಾಗಿ ತಿರುಗುವಾಗ ಹೋಸ್ ಒಳಕ್ಕೆ ಚಪ್ಪಟೆಯಾಗಿ ಹರಿವನ್ನು ತಡೆಯುತ್ತದೆ. ಇದರ ಲಕ್ಷಣ ಬಹಳ ದಿಕ್ಕು ತಪ್ಪಿಸುವಂಥದು. ಪೇಟೆಯಲ್ಲಿ ಓಡಿಸುವಾಗ ಕಾರು ಸರಿಯಾಗಿಯೇ ಇರುತ್ತದೆ, ಏರು ಹತ್ತುವಾಗ ಮಾತ್ರ ಬಿಸಿಯಾಗುತ್ತದೆ, ಗಾಬರಿಯಿಂದ ನಿಲ್ಲಿಸಿ ಬಾನೆಟ್ ತೆಗೆದರೆ ಹೋಸ್ ಮತ್ತೆ ದುಂಡಗಾಗಿ ಏನೂ ನಡೆದೇ ಇಲ್ಲವೆಂಬಂತೆ ಕುಳಿತಿರುತ್ತದೆ. ಮೆಕ್ಯಾನಿಕ್ ಥರ್ಮೋಸ್ಟಾಟ್ ಬದಲಿಸುತ್ತಾರೆ, ರೇಡಿಯೇಟರ್ ಬಿಚ್ಚಿ ತೊಳೆಸುತ್ತಾರೆ, ತೊಂದರೆ ಮಾತ್ರ ಹಾಗೆಯೇ ಉಳಿಯುತ್ತದೆ. ಪರೀಕ್ಷೆ ಸುಲಭ: ಬಿಸಿಯಾದ ಎಂಜಿನ್ನನ್ನು ನ್ಯೂಟ್ರಲ್‌ನಲ್ಲಿ ಇನ್ನೊಬ್ಬರು ಜೋರಾಗಿ ರೇಸ್ ಮಾಡುವಾಗ, ಫ್ಯಾನಿನಿಂದ ಕೈ ಮತ್ತು ಬಟ್ಟೆ ದೂರವಿಟ್ಟುಕೊಂಡು, ಕೆಳಗಿನ ಹೋಸನ್ನು ಟಾರ್ಚ್ ಬೆಳಕಿನಲ್ಲಿ ನೋಡಿ. ಅದು ನಡುವೆ ಹಿಂಡಿದಂತಾದರೆ ಕಾರಣ ಸಿಕ್ಕಿತು. ಹೀಗೇ ಎಂಜಿನ್ ತಣಿದ ಮೇಲೆ ಮೇಲಿನ ಹೋಸ್ ಚಪ್ಪಟೆಯಾಗಿದ್ದರೆ ಅದು ಹೋಸಿನ ದೋಷಕ್ಕಿಂತ ಹೆಚ್ಚಾಗಿ ಕ್ಯಾಪಿನ ಒಳವಾಲ್ವು ಕಚ್ಚಿಕೊಂಡಿರುವುದರ ಸೂಚನೆ.

ಬೈಪಾಸ್ ಹೋಸ್ (ಕೂಲಂಟನ್ನು ರೇಡಿಯೇಟರಿಗೆ ಕಳಿಸದೆ ಎಂಜಿನ್ನಿಗೇ ಮರಳಿಸುವುದು) ಮತ್ತು ಹೀಟರ್ ಹೋಸುಗಳು ಚಿಕ್ಕವು, ಎಂಜಿನ್ನಿನ ಹಿಂದೆ ಅಡಗಿರುವಂಥವು, ಕೈ ಹೋಗದ ಜಾಗದಲ್ಲಿರುವಂಥವು. ಬೆಲೆಗಿಂತ ಬಿಚ್ಚಿ ಹಾಕುವ ಕೂಲಿಯೇ ಹೆಚ್ಚಾಗುವ ಇಂಥ ಕಡೆ ಕಂಪನಿಯದನ್ನೇ ಹಾಕಿಸುವುದು ಜಾಣತನ. ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಕಾರುಗಳಲ್ಲಿ ಹೋಸಿನ ತುದಿಗೇ ಪ್ಲಾಸ್ಟಿಕ್ ಲಾಕ್ ಮತ್ತು ಓ-ರಿಂಗ್ ಇರುವ ಕಡೆಯೂ ಹಾಗೆಯೇ. ಅಲ್ಲಿ ಸೋರುವುದು ರಬ್ಬರಿಗಿಂತ ಆ ಜೋಡಣೆಯೇ.

ಮೇಲಿನ ಹೋಸಿಗೆ ಹೆಸರಿರುವ ಹೊರಗಿನ ತಯಾರಿಕೆ ಧಾರಾಳವಾಗಿ ಸಾಕು, ಆಕಾರ ಪಕ್ಕಾ ಹೊಂದಬೇಕು ಅಷ್ಟೆ. ವಾರಂಟಿ ಇನ್ನೂ ಇರುವ ಕಾರಿಗೆ ಮಾತ್ರ ಅಧಿಕೃತ ಸರ್ವೀಸಿನಲ್ಲಿ ಕಂಪನಿಯದನ್ನೇ ಹಾಕಿಸಿ ಬಿಲ್ ಇಟ್ಟುಕೊಳ್ಳಿ. ಮುಂದೆ ಎಂಜಿನ್ನಿಗೆ ಏನಾದರೂ ಆದರೆ ಹೊರಗಿನ ಬಿಡಿಭಾಗವನ್ನು ಬೊಟ್ಟುಮಾಡಲು ಅವಕಾಶವೇ ಇರಬಾರದು.

ಹಳೆಯ ವಾಹನಗಳ ಲೆಕ್ಕ ಬೇರೆ. ಮಾರುತಿ 800ರ ಉತ್ಪಾದನೆ 2014ರಲ್ಲೇ ನಿಂತಿತು; ತೋಟಗಳಲ್ಲಿ ಇನ್ನೂ ದುಡಿಯುತ್ತಿರುವ ಹಳೆಯ ಜೀಪುಗಳ ವಯಸ್ಸು ಅದಕ್ಕಿಂತ ಹೆಚ್ಚು. ಇವಕ್ಕೆ ಕಂಪನಿ ಡಬ್ಬಿಯ ಹೋಸ್ ಸಿಕ್ಕಿತೆಂದು ಸಂಭ್ರಮಿಸುವ ಮುಂಚೆ ಅದರ ಮೇಲಿನ ತಿಂಗಳು, ವರ್ಷ ನೋಡಬೇಕು. ರಬ್ಬರ್ ಕಪಾಟಿನಲ್ಲಿ ಕುಳಿತಲ್ಲೇ ಮುಪ್ಪಾಗುತ್ತದೆ. ಹತ್ತು ವರ್ಷ ಹಳೆಯ ಜೆನ್ಯೂನ್ ಹೋಸಿಗಿಂತ ಕಳೆದ ವರ್ಷ ತಯಾರಾದ ಒಳ್ಳೆಯ ಹೊರಗಿನ ಹೋಸೇ ಮೇಲು.

ಐದನೆಯದು: ಕೌಂಟರಿನಲ್ಲಿ ಏನು ನೋಡಬೇಕು

ಹಳೆಯ ಹೋಸನ್ನು ಕೈಯಲ್ಲಿ ಹಿಡಿದೇ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಎರಡನ್ನೂ ಪಕ್ಕಪಕ್ಕ ಇಟ್ಟು ಬಾಗುಗಳ ಕೋನ, ಒಟ್ಟು ಉದ್ದ, ಎರಡೂ ತುದಿಗಳ ಒಳವ್ಯಾಸ ಹೋಲಿಸಿ. ಎಷ್ಟೋ ಹೋಸುಗಳಲ್ಲಿ ಎರಡು ತುದಿಗಳ ಅಳತೆ ಒಂದೇ ಇರುವುದಿಲ್ಲ. "ಸ್ವಲ್ಪ ಎಳೆದರೆ ಕೂರುತ್ತೆ" ಎಂಬ ಹೋಸ್ ಬೇಡ. ಎಳೆದು ಕೂರಿಸಿದ್ದು ಎಂಜಿನ್ ಅಲುಗಾಡಿದಾಗಲೆಲ್ಲ ರೇಡಿಯೇಟರಿನ ಪ್ಲಾಸ್ಟಿಕ್ ಮೂತಿಯನ್ನು ಜಗ್ಗುತ್ತಲೇ ಇರುತ್ತದೆ. ಉದ್ದ ಹೆಚ್ಚಾದದ್ದು ಫ್ಯಾನಿಗೋ ಬೆಲ್ಟಿಗೋ ಉಜ್ಜುತ್ತದೆ.

ತುದಿಯ ಕತ್ತರಿಸಿದ ಮುಖವನ್ನು ಬೆಳಕಿಗೆ ಹಿಡಿದು ನೋಡಿ. ಒಳ ರಬ್ಬರ್, ನಡುವೆ ನೂಲಿನ ಪದರ, ಹೊರ ರಬ್ಬರ್ ಹೀಗೆ ಮೂರು ಸ್ಪಷ್ಟವಾಗಿ ಕಾಣಬೇಕು, ಗೋಡೆಯ ದಪ್ಪ ಸುತ್ತಲೂ ಒಂದೇ ಸಮ ಇರಬೇಕು. ನೂಲೇ ಇಲ್ಲದ ಬರಿ ರಬ್ಬರ್ ಕೊಳವೆ ಒತ್ತಡದ ದಾರಿಗೆ ತಕ್ಕುದಲ್ಲ. ಹೋಸಿನ ಮೇಲೆ ಅಥವಾ ಡಬ್ಬಿಯ ಮೇಲೆ ಇಪಿಡಿಎಂ ಎಂದೋ, ಕೂಲಂಟ್ ಹೋಸುಗಳ ಅಂತರರಾಷ್ಟ್ರೀಯ ಮಾನದಂಡವಾದ ಎಸ್‌ಎಇ ಜೆ20 ಎಂದೋ ಇದ್ದರೆ ಒಳ್ಳೆಯ ಲಕ್ಷಣ. 2011ರ ಪ್ಯಾಕೇಜ್ಡ್ ಕಮಾಡಿಟೀಸ್ ನಿಯಮಗಳ ಪ್ರಕಾರ ಪ್ಯಾಕ್ ಮಾಡಿದ ಸಾಮಾನಿನ ಮೇಲೆ ತಯಾರಕರ ಹೆಸರು–ವಿಳಾಸ, ತಯಾರಿಕೆಯ ತಿಂಗಳು–ವರ್ಷ ಮತ್ತು ಎಂಆರ್‌ಪಿ ಇರಬೇಕು. ಇವು ಇಲ್ಲದ "ಒರಿಜಿನಲ್" ಡಬ್ಬಿಯನ್ನು ಅನುಮಾನದಿಂದಲೇ ನೋಡಿ.

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪಗಳಲ್ಲಿ ಸಾಮಾನ್ಯ ಕಾರುಗಳ ಹೋಸ್ ಸಿಗುತ್ತದೆ. ಇಲ್ಲದ್ದನ್ನು ಮೈಸೂರಿನಿಂದಲೋ ಮಂಗಳೂರಿನಿಂದಲೋ ಬಸ್ಸಿಗೆ ಹಾಕಿಸಿ ತರಿಸಿಕೊಳ್ಳುವುದುಂಟು. ಹಾಗೆ ತರಿಸುವಾಗ ಕಾರಿನ ಮಾದರಿ, ವರ್ಷ ಹೇಳಿದರಷ್ಟೇ ಸಾಲದು; ಒಂದೇ ವರ್ಷದ ಪೆಟ್ರೋಲ್ ಮತ್ತು ಡೀಸೆಲ್ ಕಾರುಗಳ ಹೋಸ್ ಬೇರೆ ಬೇರೆ. ಚಾಸಿ ನಂಬರ್ ಕೊಟ್ಟು ಪಾರ್ಟ್ ನಂಬರ್ ಖಚಿತಪಡಿಸಿಕೊಳ್ಳಿ. ಜೂನ್–ಆಗಸ್ಟ್ ಮಳೆಯಲ್ಲಿ ತಪ್ಪು ಹೋಸನ್ನು ವಾಪಸು ಕಳಿಸಿ ಸರಿಯಾದದ್ದು ಬರುವವರೆಗೆ ಕಾಯುವ ಕಷ್ಟ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ನೀಲಿ, ಕೆಂಪು ಬಣ್ಣದ ಸಿಲಿಕೋನ್ ಹೋಸ್ ಬಗ್ಗೆ ಕೇಳುವವರು ಹೆಚ್ಚಾಗಿದ್ದಾರೆ. ಸಿಲಿಕೋನ್ ಇಪಿಡಿಎಂಗಿಂತ ಹೆಚ್ಚು ಬಿಸಿ ತಾಳುತ್ತದೆ, ಬೇಗ ಗಡುಸಾಗುವುದಿಲ್ಲ. ಆದರೆ ಅದರ ಗೋಡೆಯ ಮೂಲಕ ನೀರಿನ ಆವಿ ನಿಧಾನವಾಗಿ ಹೊರಹೋಗುವುದರಿಂದ ರಿಸರ್ವ್ ಟ್ಯಾಂಕನ್ನು ಆಗಾಗ ನೋಡುತ್ತಿರಬೇಕು, ಮೇಲ್ಮೈ ಮೃದುವಾದ್ದರಿಂದ ತೂತಿರುವ ಸಾಮಾನ್ಯ ಸ್ಕ್ರೂ ಕ್ಲಿಪ್ ಅದನ್ನು ಕೊಯ್ಯುತ್ತದೆ, ಆಯಿಲಿಗೂ ಅದು ತಾಳುವುದಿಲ್ಲ. ಎಂಜಿನ್ ಬದಲಾಯಿಸಿದ ಅಥವಾ ಆಫ್‌ರೋಡ್ ಸ್ಪರ್ಧೆಗೆ ಸಜ್ಜಾದ ಜೀಪಿಗೆ ಅದಕ್ಕೊಂದು ಅರ್ಥವಿದೆ. ಮನೆಯ ಕಾರಿಗೆ ಅದು ಬಾನೆಟ್ಟಿನ ಒಳಗಿನ ಅಲಂಕಾರ.

ಆರನೆಯದು: ಹಾಕುವ ಕ್ರಮ

ಒಳ್ಳೆಯ ಹೋಸನ್ನೂ ಕೆಟ್ಟ ಜೋಡಣೆ ಹಾಳುಮಾಡುತ್ತದೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲಷ್ಟೇ ಕ್ಯಾಪ್ ತೆಗೆಯಿರಿ. ಕೂಲಂಟನ್ನು ಅಗಲವಾದ ಟ್ರೇಗೆ ಇಳಿಸಿ, ಮುಚ್ಚಿದ ಡಬ್ಬಿಗೆ ಹಾಕಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾದ್ದರಿಂದ ನಾಯಿಗಳು ನೆಕ್ಕುತ್ತವೆ, ಅದು ಅವಕ್ಕೆ ಮಾರಕ ವಿಷ. ಅಂಗಳದಲ್ಲೋ ತೋಟದ ಚರಂಡಿಗೋ ಚೆಲ್ಲಲೇಬಾರದು.

ಅಂಟಿಕೊಂಡ ಹಳೆಯ ಹೋಸನ್ನು ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಈಗಿನ ರೇಡಿಯೇಟರುಗಳ ಟ್ಯಾಂಕ್ ನೈಲಾನಿನದು, ಬಿಸಿಯಲ್ಲಿ ವರ್ಷಗಟ್ಟಲೆ ಬೆಂದ ಮೂತಿ ಅಷ್ಟಕ್ಕೇ ಸೀಳುತ್ತದೆ. ಹೇಗೂ ಎಸೆಯುವ ಹೋಸಾದರೆ ತುದಿಯನ್ನು ಬ್ಲೇಡಿನಿಂದ ಮೂತಿಗೆ ತಾಗದಂತೆ ಉದ್ದಕ್ಕೆ ಕೊಯ್ದು ಸುಲಿದು ತೆಗೆಯಿರಿ. ಮೂತಿಯ ಮೇಲಿನ ಹಳೆಯ ರಬ್ಬರ್, ಉಪ್ಪಿನ ಕಟ್ಟು ಒರೆಸಿ. ಲೋಹದ ಮೂತಿಗೆ ನಯವಾದ ಮರಳು ಕಾಗದ ತಾಗಿಸಬಹುದು, ಪ್ಲಾಸ್ಟಿಕ್ಕಿಗೆ ಬೇಡ.

ಹೊಸ ಹೋಸನ್ನು ಜಾರಿಸಲು ಕೂಲಂಟಿನಲ್ಲಿ ಒದ್ದೆ ಮಾಡಿದರೆ ಸಾಕು. ಗ್ರೀಸ್, ಆಯಿಲ್ ಯಾವುದೂ ಕೂಡದು. ಅಂಟು ಸೊಲ್ಯೂಷನ್ ಹಚ್ಚುವ ಅಭ್ಯಾಸವಂತೂ ಬೇಡವೇ ಬೇಡ. ಕಂಪನಿ ಹೋಸಿನ ಮೇಲಿರುವ ಬಣ್ಣದ ಗುರುತು ಮೂತಿಯ ಗುರುತಿಗೆ ನೇರವಾಗಿ ಕೂರಬೇಕು, ಹೋಸ್ ತಿರುಚಿರಬಾರದು. ಮೂತಿಯ ತುದಿಯಲ್ಲಿರುವ ಉಬ್ಬು ಏಣು ದಾಟಿ ಒಳಗೆ ಹೋದಮೇಲೆ ಕ್ಲಿಪ್ಪನ್ನು ಆ ಏಣಿನ ಹಿಂದಕ್ಕೆ, ಹೋಸಿನ ಅಂಚಿನಿಂದ ಒಂದಿಷ್ಟು ಒಳಕ್ಕೆ ಕೂರಿಸಿ. ಏಣಿನ ಮೇಲೆಯೇ ಬಿಗಿದ ಕ್ಲಿಪ್ ಒಂದಲ್ಲ ಒಂದು ದಿನ ಜಾರುತ್ತದೆ.

ಕಾರಿನ ಜೊತೆ ಬಂದ ಸ್ಪ್ರಿಂಗ್ ಕ್ಲಿಪ್ಪನ್ನು ಬಿಸಾಡಿ ಸ್ಕ್ರೂ ಕ್ಲಿಪ್ ಹಾಕುವ ಗ್ಯಾರೇಜುಗಳು ಬಹಳ. ಸ್ಪ್ರಿಂಗ್ ಕ್ಲಿಪ್ ರಬ್ಬರ್ ಹಿಗ್ಗಿ ಕುಗ್ಗಿದಂತೆ ತಾನೂ ಹಿಗ್ಗಿ ಕುಗ್ಗುತ್ತದೆ. ನಮ್ಮ ಚಳಿಯ ಬೆಳಗಿಗೂ ಮಧ್ಯಾಹ್ನದ ಘಾಟಿಗೂ ಹೊಂದುವುದು ಅದೇ. ತುಕ್ಕು ಹಿಡಿದಿದ್ದರೆ ಅದೇ ಅಳತೆಯ ಹೊಸದನ್ನು ಹಾಕಿಸಿ. ಸ್ಕ್ರೂ ಕ್ಲಿಪ್ಪೇ ಅನಿವಾರ್ಯವಾದರೆ ಸ್ಟೇನ್‌ಲೆಸ್ ಸ್ಟೀಲಿನದು ತೆಗೆದುಕೊಂಡು, ರಬ್ಬರ್ ಕ್ಲಿಪ್ಪಿನ ಸಂದಿನಿಂದ ಉಬ್ಬಿ ಬರುವಷ್ಟು ಬಿಗಿಯದೆ, ಕೆಲವು ದಿನ ಓಡಿಸಿದ ಮೇಲೆ ತಣ್ಣಗಿರುವಾಗ ಇನ್ನೊಮ್ಮೆ ಪರೀಕ್ಷಿಸಿ.

ತುಂಬುವುದು ಕಾರಿನ ಕೈಪಿಡಿಯಲ್ಲಿ ಹೇಳಿದ ಬಗೆಯ ಕೂಲಂಟ್. ಬೆರೆಸಿಯೇ ಬರುವುದಾದರೆ ಹಾಗೆಯೇ ಹಾಕಿ. ಗಟ್ಟಿಯದಾದರೆ ಡಿಸ್ಟಿಲ್ಡ್ ವಾಟರ್ ಸೇರಿಸಿ, ಸಾಮಾನ್ಯವಾಗಿ ಸಮಪಾಲು. ತೊರೆಯ ನೀರು ಕನ್ನಡಿಯಂತಿದ್ದರೂ, ಬೋರ್‌ವೆಲ್ಲಿನದು ಕುಡಿಯಲು ಯೋಗ್ಯವಾಗಿದ್ದರೂ ಅದರಲ್ಲಿ ಕರಗಿದ ಲವಣಗಳು ರೇಡಿಯೇಟರಿಗೆ ಬೇಡ. ಬರಿ ನೀರಿನಲ್ಲಿ ಓಡಿಸಿದರೆ ತುಕ್ಕು ನಿರೋಧಕಗಳಿಲ್ಲದೆ ಲೋಹ ಸವೆಯುತ್ತದೆ, ಹೊಸ ಹೋಸಿನ ಆಯುಸ್ಸೂ ಅದರ ಜೊತೆಗೇ ಕಡಿಮೆಯಾಗುತ್ತದೆ. ಕೊನೆಗೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ಓಡಿಸಿ, ಏರ್ ಬಿಡುವ ಸ್ಕ್ರೂ ಇದ್ದರೆ ಅದರಿಂದ ಗುಳ್ಳೆ ನಿಲ್ಲುವವರೆಗೆ ಗಾಳಿ ತೆಗೆಯಿರಿ. ಫ್ಯಾನ್ ಒಮ್ಮೆ ಓಡಿ ನಿಂತ ಮೇಲೆ ಎರಡೂ ತುದಿಗಳನ್ನು ನೋಡಿ, ಮರುದಿನ ಬೆಳಿಗ್ಗೆ ಮಟ್ಟ ಪರೀಕ್ಷಿಸಿ ಕಡಿಮೆಯಾಗಿದ್ದಷ್ಟು ತುಂಬಿ. ಅದಾದ ಮೇಲೆ ಘಾಟಿ ಇಳಿಯಬಹುದು.

ದಾರಿಯಲ್ಲೇ ಹೋಸ್ ಹೋದರೆ

ಮಾಕುಟ್ಟದ ಕಾಡಿನ ನಡುವೆ ಗ್ಯಾರೇಜೂ ಇಲ್ಲ, ಬಹಳ ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಬಾನೆಟ್ಟಿನಿಂದ ಹಬೆ ಬಂದರೆ ಅಥವಾ ಕೂಲಂಟಿನ ಸಿಹಿ ವಾಸನೆ ಒಳಕ್ಕೆ ಬಂದರೆ ಸುರಕ್ಷಿತ ಜಾಗ ನೋಡಿ ಕೂಡಲೇ ಎಂಜಿನ್ ಆಫ್ ಮಾಡಿ. ಕನಿಷ್ಠ ಅರ್ಧ ಗಂಟೆ ಕ್ಯಾಪ್ ಮುಟ್ಟಬೇಡಿ, ಬಿಸಿ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ. ತುದಿಯಲ್ಲಿ ಸೀಳಿದ್ದು ಹೋಸಿನಲ್ಲಿ ಉದ್ದ ಉಳಿದಿದ್ದರೆ ಸೀಳಿದಷ್ಟನ್ನು ಕತ್ತರಿಸಿ ಮತ್ತೆ ಕೂರಿಸಬಹುದು. ನಡುವೆ ಸೀಳಿದ್ದರೆ ತನಗೆ ತಾನೇ ಅಂಟಿಕೊಳ್ಳುವ ಸಿಲಿಕೋನ್ ಟೇಪನ್ನು ಒಣಗಿದ ಹೋಸಿನ ಮೇಲೆ ಎಳೆದೆಳೆದು ಸುತ್ತಿ, ನೀರು ತುಂಬಿ, ಒತ್ತಡ ಏರದಂತೆ ಕ್ಯಾಪನ್ನು ಮೊದಲ ಹಂತಕ್ಕಷ್ಟೇ ತಿರುಗಿಸಿ, ಏಸಿ ಆರಿಸಿ, ನಿಧಾನವಾಗಿ ಹತ್ತಿರದ ಊರು ಮುಟ್ಟಬಹುದು; ಇಂಥ ಸಂದರ್ಭದಲ್ಲಿ ತೊರೆಯ ನೀರಾದರೂ ಸರಿ, ಊರು ಸೇರಿದ ಮೇಲೆ ಅದನ್ನು ಪೂರ್ತಿ ಇಳಿಸಿ ತೊಳೆಸಿದರಾಯಿತು.

ಮುಂಜಾಗ್ರತೆಯಾಗಿ ಬದಲಿಸಿದಾಗ ತೆಗೆದ ಮೇಲಿನ ಹೋಸ್ ಬಿರುಕಿಲ್ಲದೆ ಇದ್ದರೆ ಅದನ್ನು ಕೊಯ್ಯದೆ ಜೋಪಾನವಾಗಿ ಬಿಚ್ಚಿ, ಒಣಗಿಸಿ, ಎರಡು ಕ್ಲಿಪ್ ಮತ್ತು ಒಂದು ಸ್ಕ್ರೂಡ್ರೈವರ್ ಸಮೇತ ಡಿಕ್ಕಿಯಲ್ಲಿಡಿ. ಹೊಸ ಹೋಸಿನ ಬಿಲ್ಲಿನ ಮೇಲೆ ಅಂದಿನ ಕಿಲೋಮೀಟರ್ ಬರೆದು ಕಾರಿನ ಕಾಗದಪತ್ರಗಳ ಜೊತೆಗೆ ಸೇರಿಸಿ. ಮುಂದಿನ ಸಲ ತರಿಸುವಾಗ ಬೇಕಾಗುವ ಪಾರ್ಟ್ ನಂಬರ್ ಆ ಬಿಲ್ಲಿನಲ್ಲೇ ಇರುತ್ತದೆ.